ಸೆನ್ಸರ್ ಹೋಗಿದೆ ಸಾರ್

ಫೋನು ಎತ್ತಿದರೆ ನಮಸ್ಕಾರ ಇಲ್ಲ, ಊಟ ಆಯಿತಾ ಎಂಬ ಮಾತಿಲ್ಲ. ನೇರವಾಗಿ, "ಸಾರ್, ಸೆನ್ಸರ್ ಹೋಗಿದೆ." ಮಾಲೂರಿನ ಕಾರ್ಖಾನೆಯಿಂದ ಬಂದರೂ ಅದೇ ಮಾತು, ಶ್ರೀನಿವಾಸಪುರದ ಮಾವಿನ ತಿರುಳಿನ ಘಟಕದಿಂದ ಬಂದರೂ ಅದೇ ಮಾತು. ನಾನು ಕೆಲಸಕ್ಕೆ ಸೇರಿದಾಗ ಶುರುವಾದದ್ದು ನಿವೃತ್ತನಾದ ಮೇಲೂ ನಿಲ್ಲಲಿಲ್ಲ. ಅಷ್ಟರಲ್ಲಿ ನನ್ನ ತಲೆಗೂದಲು ಹೋಯಿತು, ಮಂಡಿ ಹೋಯಿತು, ಸೆನ್ಸರ್ ಮಾತ್ರ ಬಹಳ ಸಲ ಎಲ್ಲಿಗೂ ಹೋಗಿರುತ್ತಿರಲಿಲ್ಲ. ಇದ್ದ ಜಾಗದಲ್ಲೇ ಕೂತು ತನಗೆ ಕಂಡದ್ದನ್ನು ಹೇಳುತ್ತಿತ್ತು. ಕೇಳುವವರಿಗೆ ಅದು ಹಿಡಿಸುತ್ತಿರಲಿಲ್ಲ, ಅಷ್ಟೆ.

ನನ್ನ ಹುದ್ದೆಯ ಹೆಸರು ಎಲೆಕ್ಟ್ರೋ ಮೆಕ್ಯಾನಿಕಲ್ ಟೆಕ್ನಿಷಿಯನ್. ಕೊನೆಗೊನೆಗೆ ಅದಕ್ಕೆ ಮೆಕಾಟ್ರಾನಿಕ್ಸ್ ಎಂಬ ಇನ್ನೂ ದೊಡ್ಡ ಹೆಸರು ಬಂತು. ನಮ್ಮ ಸುಗಟೂರಿನಲ್ಲಿ ಮಾತ್ರ ನಾನು ಮೊದಲಿನಿಂದಲೂ ಕರೆಂಟ್ ನಾಗರಾಜ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿರುವಾಗಲೇ ಯಾರೋ ಬಂದು, "ಅಡುಗೆಯವರ ಗ್ರೈಂಡರ್ ತಿರುಗ್ತಿಲ್ಲ ಕಣಣ್ಣ, ಒಂದ್ ಗಳಿಗೆ ಬಾ" ಎನ್ನುತ್ತಾರೆ. ಪ್ರಪಂಚದಲ್ಲಿ ಯಾವ ಡಾಕ್ಟರನ್ನಾದರೂ ಹೀಗೆ ಅನ್ನದ ಮುಂದಿನಿಂದ ಎಬ್ಬಿಸುತ್ತಾರೆಯೇ? ನನ್ನನ್ನು ಎಬ್ಬಿಸುತ್ತಾರೆ. ನಾನೂ ಬೈದುಕೊಂಡು ಏಳುತ್ತೇನೆ.

ಈಗ ಪಾಲಿಟೆಕ್ನಿಕ್‌ನವರು ಆಗಾಗ ಕರೆಯುತ್ತಾರೆ, ಬಂದು ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು. ಅವರಿಗೆ ರೋಬೋಟ್ ಬಗ್ಗೆ ಕೇಳುವ ಆಸೆ. ರೋಬೋಟ್ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಅದರ ಸುತ್ತ ಇರುವ ಜನ ಕೊಡುತ್ತಾರೆ ಎಂದರೆ ನಗುತ್ತಾರೆ. ನಗಲಿ. ಕೆಲಸಕ್ಕೆ ಸೇರಿದ ಮೇಲೆ ನಗುವುದಿಲ್ಲ. ಅಲ್ಲಿ ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಕಾರ್ಖಾನೆ ಮಾಲೂರಿನಲ್ಲಿತ್ತು, ವಾಹನಗಳ ಬಿಡಿಭಾಗ ಮಾಡುವುದು. ಅಲ್ಲಿ ನಮ್ಮ ಫೋರ್‌ಮನ್ ದೇವರಾಜಯ್ಯ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಅಂಗೈ. ಆಗಿನ ಕಂಟ್ರೋಲ್ ಪ್ಯಾನೆಲ್ ಎಂದರೆ ಬಟ್ಟೆ ಬೀರುವಿನಷ್ಟು ದೊಡ್ಡದು. ಒಳಗೆ ಸಾಲು ಸಾಲಾಗಿ ರಿಲೇಗಳು, ಎಂದರೆ ಕರೆಂಟು ಬಂದಾಗ ಕಟ್ ಎಂದು ಮುಚ್ಚಿ ಹೋದಾಗ ಕಟ್ ಎಂದು ತೆರೆಯುವ ಪುಟ್ಟ ಸ್ವಿಚ್ಚುಗಳು. ಯಂತ್ರ ನಿಂತರೆ ದೇವರಾಜಯ್ಯ ಪ್ಯಾನೆಲ್ಲಿನ ಬಾಗಿಲಿಗೆ ಕಿವಿ ಇಡುತ್ತಿದ್ದರು. "ಮೇಲಿನ ಸಾಲಲ್ಲಿ ಒಬ್ಬ ಉಸಿರಾಡ್ತಿಲ್ಲ ಕಣ್ರೋ" ಎನ್ನುತ್ತಿದ್ದರು. ಆಮೇಲೆ ಆ ಜಾಗಕ್ಕೆ ಅಂಗೈಯಿಂದ ಒಂದು ಏಟು. ಅಂಟಿಕೊಂಡಿದ್ದ ರಿಲೇ ಬಿಟ್ಟುಕೊಳ್ಳುತ್ತಿತ್ತು, ಯಂತ್ರ ಓಡುತ್ತಿತ್ತು, ಅವರು ನಮ್ಮ ಕಡೆ ನೋಡುತ್ತಲೂ ಇರಲಿಲ್ಲ.

ಆಮೇಲೆ ಪಿಎಲ್‌ಸಿ ಬಂತು. ಆ ಬೀರುವಿನ ಕೆಲಸವನ್ನೆಲ್ಲ ಒಂದು ಪುಟ್ಟ ಡಬ್ಬಿಯೊಳಗಿನ ಕಂಪ್ಯೂಟರ್ ಮಾಡತೊಡಗಿತು. ಬೀರು ಹೋಯಿತು, ದೇವರಾಜಯ್ಯನವರ ಏಟು ಹೋಗಲಿಲ್ಲ. ಒಂದು ದಿನ ಲೈನು ನಿಂತಿತು. ನಾನು ಓಡಿಬರುವ ಮೊದಲೇ ಅವರು ಹೊಸ ಪ್ಯಾನೆಲ್ಲಿಗೆ ಬಾರಿಸಿ ಆಗಿತ್ತು. ಮೊದಲು ನಿಂತದ್ದಕ್ಕೆ ಕಾರಣ ಸಣ್ಣದು, ಗಾಳಿಯ ಪೈಪೊಂದು ಕಳಚಿತ್ತು. ಅವರ ಏಟಿಗೆ ಒಳಗಿನ ಕನೆಕ್ಟರ್ ಸಡಿಲವಾಗಿ ಇಡೀ ಲೈನು ಮಲಗಿತು. ನಾನು ಆ ದಿನವೆಲ್ಲ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಂತಿ ಹುಡುಕಿದೆ. ಸಂಜೆ ಸಿಕ್ಕಿದಾಗ ಅವರು ಹೇಳಿದ್ದು, "ಮೊದ್ಲು ಹೊಡೆದ್ರೆ ಸರಿಹೋಗ್ತಿತ್ತು. ಈಗ ಹೊಡೆದ್ರೂ ಸರಿಹೋಗಲ್ಲ. ಮಾಲ್ ಚೆನ್ನಾಗಿಲ್ಲ ಕಣೋ ನಾಗರಾಜ."

ಇದಕ್ಕೆ ಏನು ಉತ್ತರ ಕೊಡುವುದು? ಆದರೆ ಒಂದು ಮಾತು ಹೇಳಬೇಕು. ಅವರು ಹೊಡೆಯುವ ಮೊದಲು ಕಿವಿ ಇಡುತ್ತಿದ್ದರು. ಈಗಿನ ಹುಡುಗರು ಹೊಡೆಯುವುದಿಲ್ಲ, ಒಳ್ಳೆಯದು, ಕಿವಿಯನ್ನೂ ಇಡುವುದಿಲ್ಲ. ಬಂದವರೇ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಪ್ಪಾ, ಮೊದಲು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಗಾಳಿ ಸೋರುವ ಸದ್ದು ಲ್ಯಾಪ್‌ಟಾಪಿಗೆ ಕೇಳಿಸುವುದಿಲ್ಲ.

ಅದೇ ಕಾರ್ಖಾನೆಯಲ್ಲಿ ನನ್ನ ಜೊತೆ ಫಿಟ್ಟರ್ ಆಗಿದ್ದವನು ಬಾಬಾಜಾನ್, ಮುಳಬಾಗಿಲಿನವನು. ಅಪ್ಪ ತಾತನ ಕಾಲದಿಂದ ಅವರದು ಕಬ್ಬಿಣದ ಕೆಲಸ. ಲೋಹವನ್ನು ಬೆರಳಿನಲ್ಲಿ ಸವರಿ ಎಲ್ಲಿ ಏರು ಎಲ್ಲಿ ತಗ್ಗು ಎಂದು ಹೇಳುತ್ತಿದ್ದ, ಬಾಯಿ ಬಿಟ್ಟರೆ ಮಾತ್ರ ತಮಾಷೆ. ನಮ್ಮಿಬ್ಬರ ಸ್ನೇಹ ಗಟ್ಟಿಯಾದದ್ದು ಆಯುಧಪೂಜೆಯಿಂದ.

ಪ್ರೆಸ್ಸುಗಳ ಮುಂದೆ ಬೆಳಕಿನ ಕಣ್ಣುಗಳಿರುತ್ತವೆ. ಒಂದು ಕಡೆಯಿಂದ ಬೆಳಕು ಹೊರಡುತ್ತದೆ, ಎದುರಿನ ಕಣ್ಣು ಅದನ್ನು ನೋಡುತ್ತಿರುತ್ತದೆ. ನಡುವೆ ಕೈ ಬಂದರೆ ಪ್ರೆಸ್ ನಿಲ್ಲುತ್ತದೆ, ಕೈ ಉಳಿಯುತ್ತದೆ. ಆಯುಧಪೂಜೆಯ ದಿನ ನಮ್ಮವರು ಯಂತ್ರವನ್ನು ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಬಳಿದು ಕುಂಕುಮ ಇಡುತ್ತಾರೆ. ಎಲ್ಲಿ ಇಡುತ್ತಾರೆ? ಇಷ್ಟು ದೊಡ್ಡ ಯಂತ್ರದಲ್ಲಿ ಬೇರೆ ಜಾಗವೇ ಇಲ್ಲದಂತೆ ಆ ಕಣ್ಣಿನ ಗಾಜಿನ ಮೇಲೆ! ದುಂಡಗೆ ಹೊಳೆಯುತ್ತದಲ್ಲ, ಹಣೆಯ ಹಾಗೆ ಕಾಣುತ್ತದೆ. ಹಬ್ಬ ಮುಗಿದು ಕಾರ್ಖಾನೆ ತೆರೆದ ಕೂಡಲೇ ಒಂದು ಪ್ರೆಸ್ಸೂ ಓಡುವುದಿಲ್ಲ. "ಸೆನ್ಸರ್ ಹೋಗಿದೆ ಸಾರ್." ಒರೆಸಿ ಎಂದರೆ ಯಾರೂ ಮುಟ್ಟುವುದಿಲ್ಲ. ಇಟ್ಟ ಕುಂಕುಮವನ್ನು ಅಳಿಸುವುದೆಂದರೆ ಅಪಶಕುನ.

"ಹಬ್ಬದ ಕುಂಕುಮ ಅಳಿಸ್ತಾರೇನ್ಲಾ?" ಎಂದು ದೇವರಾಜಯ್ಯ ನನ್ನನ್ನೇ ಗದರಿದರು. ಆಮೇಲೆ ತಾವೇ ಉಪಾಯ ಹುಡುಕಿದರು. "ಬಾಬಾಜಾನ್‌ನ ಕರೀರೋ. ಅವನು ಒರೆಸಿದ್ರೆ ದೋಷ ಇಲ್ಲ."

ಬಾಬಾಜಾನ್ ಹತ್ತಿ, ಸ್ಪಿರಿಟ್ ಹಿಡಿದು ಬಂದ. "ಕ್ಯಾ ಭಾಯ್, ನಿಮ್ ದೇವ್ರಿಗೆ ನನ್ ಮೇಲೆ ಮಾತ್ರ ಸಿಟ್ಟು ಬರಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿ, ಮಗುವಿನ ಮುಖ ಒರೆಸುವವನ ಹಾಗೆ ಒಂದೊಂದೇ ಕಣ್ಣು ಒರೆಸಿದ. ಅಲ್ಲಿಂದ ಮುಂದೆ ಅದು ಪದ್ಧತಿಯೇ ಆಯಿತು. ಪೂಜೆ ನಮ್ಮದು, ಒರೆಸುವುದು ಬಾಬಾಜಾನ್‌ದು. ನಾನು ರೋಸಿಹೋಗಿ ಪ್ರತಿ ಕಣ್ಣಿನ ಪಕ್ಕ ‘ಇಲ್ಲಿ ಕುಂಕುಮ ಇಡಬೇಡಿ’ ಎಂದು ಚೀಟಿ ಅಂಟಿಸಿದೆ. ಮರುವರ್ಷ ಕಣ್ಣಿಗೆ ಕುಂಕುಮ ಇಡಲಿಲ್ಲ. ಚೀಟಿಗೆ ಕುಂಕುಮ ಇಟ್ಟು, ಕಣ್ಣಿನ ಮುಂದೆ ಸೇವಂತಿಗೆ ಹಾರ ಇಳಿಬಿಟ್ಟಿದ್ದರು.

ಮುಂದೆ ದೇವರಾಜಯ್ಯ ನಿವೃತ್ತರಾದರು. ಬಾಬಾಜಾನ್ ಕೆಲಸ ಬಿಟ್ಟು ಮುಳಬಾಗಿಲಿನಲ್ಲಿ ಸ್ವಂತ ಲೇತ್ ಅಂಗಡಿ ಹಾಕಿದ. ನನ್ನದೂ ಕಾರ್ಖಾನೆಯ ಕೆಲಸ ಮುಗಿಯಿತು. ಆಮೇಲೆ ನಾನು ಸುಮ್ಮನೆ ಕೂರಬೇಕಿತ್ತು. ಕೂರಲು ಬಿಟ್ಟರಲ್ಲವೇ? ಸುತ್ತಮುತ್ತಲಿನ ಸಣ್ಣ ಘಟಕಗಳವರೆಲ್ಲ ಕರೆಯತೊಡಗಿದರು.

ಹುತ್ತೂರಿನ ಆಚೆಯ ಒಂದು ಹಳ್ಳಿಯಲ್ಲಿ ಹಾಲು ತಂಪು ಮಾಡುವ ದೊಡ್ಡ ತೊಟ್ಟಿ ಇತ್ತು. "ಹಾಲು ತಣ್ಣಗೇ ಐತೆ ಸಾರ್, ಸೆನ್ಸರ್ ಸುಳ್ಳು ಹೇಳ್ತೈತೆ" ಎಂದು ಅಲ್ಲಿ ನೋಡಿಕೊಳ್ಳುತ್ತಿದ್ದವರು ಫೋನು ಮಾಡಿದರು. ಹೋಗಿ ಬೆರಳು ಅದ್ದಿದೆ. ಹಾಲು ಬೆಚ್ಚಗಿತ್ತು. ಹಿಂಬದಿಗೆ ಹೋದರೆ, ತೊಟ್ಟಿಯ ಬಿಸಿಗಾಳಿ ಹೊರಗೆ ಬರುವ ಜಾಲರಿಯ ಮುಂದೆ ಮಂಚ ಹಾಕಿ, ಸೀರೆ ಹಾಸಿ, ಅದರ ತುಂಬ ಸಂಡಿಗೆ ಒಣಹಾಕಿದ್ದಾರೆ. ಸೀರೆಯ ಸೆರಗು ಜಾಲರಿಗೇ ಮೆತ್ತಿಕೊಂಡಿದೆ. ಬಿಸಿ ಹೊರಗೆ ಹೋಗದಿದ್ದರೆ ಹಾಲು ತಣ್ಣಗಾಗುವುದು ಹೇಗೆ? ನಾನು ಕೂಗಾಡಿದೆ. ಅವರ ಹೆಂಡತಿ ಬೇಸರ ಮಾಡಿಕೊಳ್ಳದೆ, "ಮೋಡ ಐತಲ್ಲಣ್ಣ, ಬಿಸಿಲಿಲ್ಲ, ಅದಕ್ಕೇ" ಎಂದು ಹೇಳಿ ಬರುವಾಗ ನನಗೂ ಒಂದಿಷ್ಟು ಸಂಡಿಗೆ ಕಟ್ಟಿಕೊಟ್ಟರು. ಸಂಡಿಗೆ ಚೆನ್ನಾಗಿತ್ತು, ಅದು ಬೇರೆ ಮಾತು.

ಇವೆಲ್ಲ ನಗುವ ಪ್ರಸಂಗಗಳು. ಈಗ ಹೇಳುವುದು ನಗುವಂಥದ್ದಲ್ಲ.

ಶ್ರೀನಿವಾಸಪುರದ ಕಡೆ ಮಾವಿನ ತಿರುಳು ತೆಗೆಯುವ ಒಂದು ಘಟಕ. ಹಣ್ಣು ತೊಳೆದು ಬೆಲ್ಟಿನ ಮೇಲೆ ಬಿಡುತ್ತಾರೆ. ಎರಡೂ ಬದಿಗೆ ಹೆಂಗಸರು ನಿಂತು ಕೊಳೆತದ್ದನ್ನು ಆರಿಸಿ ತೆಗೆಯುತ್ತಾರೆ. ಮುಂದೆ ತಿರುಳಿನ ಯಂತ್ರ. ತೂತುತೂತಾದ ಉಕ್ಕಿನ ಉರುಳೆಯೊಂದು ಜರಡಿಯ ಹಾಗೆ ಇರುತ್ತದೆ, ಅದರೊಳಗೆ ರೆಕ್ಕೆಗಳು ತಿರುಗುತ್ತವೆ. ರೆಕ್ಕೆ ಹಣ್ಣನ್ನು ಜರಡಿಗೆ ಒತ್ತಿದಾಗ ತಿರುಳು ಹೊರಗೆ ಬರುತ್ತದೆ, ವಾಟೆ ಸಿಪ್ಪೆ ಒಳಗೆ ಉಳಿಯುತ್ತವೆ. ತಿರುಳು ಪೈಪಿನಲ್ಲಿ ಹರಿದು ಹೋಗುವಾಗ ಆ ಪೈಪಿನ ಸುತ್ತ ಒಂದು ಪೆಟ್ಟಿಗೆ ಇರುತ್ತದೆ, ಮೆಟಲ್ ಡಿಟೆಕ್ಟರ್. ತಿರುಳಿನಲ್ಲಿ ಲೋಹದ ಚೂರು ಹಾದರೆ ಅದು ಕೂಗುತ್ತದೆ, ಅಷ್ಟು ತಿರುಳನ್ನು ಪಕ್ಕದ ಬಕೆಟ್ಟಿಗೆ ತಿರುಗಿಸುತ್ತದೆ. ಯಾರದೋ ಮಗು ಕುಡಿಯುವ ರಸದಲ್ಲಿ ಉಕ್ಕಿನ ಚೂರು ಇರಬಾರದು, ಅದಕ್ಕೇ ಅದು ಇರುವುದು.

ಸುಗ್ಗಿಯ ನಡುವೆ ಅಲ್ಲಿಯ ಮ್ಯಾನೇಜರ್ ಸುಧಾಕರ್ ಫೋನು ಮಾಡಿದರು. ಏನೆಂದು ಹೇಳಬೇಕಾಗಿಲ್ಲ. ನಾನು ಹೋದಾಗ ಗೇಟಿನಿಂದ ರಸ್ತೆಯವರೆಗೆ ತೋತಾಪುರಿ ತುಂಬಿದ ಟ್ರ್ಯಾಕ್ಟರುಗಳು ನಿಂತಿದ್ದವು. ಡಿಟೆಕ್ಟರ್ ಕೂಗುತ್ತಲೇ ಇತ್ತು. ಲೋಹ ಇರುವ ಪರೀಕ್ಷೆಯ ಕಡ್ಡಿ ಹಾಯಿಸಿ ನೋಡಿದೆ, ಕೂಗಿತು. ಲೋಹ ಇಲ್ಲದ ಕಡ್ಡಿ ಹಾಯಿಸಿದೆ, ಸುಮ್ಮನಿತ್ತು. ಪೆಟ್ಟಿಗೆಯಲ್ಲಿ ಒಂದು ಕೊರತೆಯೂ ಇರಲಿಲ್ಲ.

"ಸೆನ್ಸರ್ ಸರಿಯಾಗಿದೆ. ಲೋಹ ಬರ್ತಿದೆ" ಎಂದೆ.

"ಸ್ವಲ್ಪ ಸೆನ್ಸಿಟಿವಿಟಿ ಇಳಿಸಿಬಿಡಿ ಸಾರ್. ಎಲ್ಲಾ ಕಡೆ ಹಾಗೇ ಮಾಡ್ತಾರೆ."

"ಇಳಿಸಿದ್ರೆ ಕೂಗೋದು ನಿಲ್ಲುತ್ತೆ. ಚೂರು ನಿಲ್ಲುತ್ತಾ? ಮೆಷಿನ್ ನಿಲ್ಸಿ, ಒಳಗೆ ಬಿಚ್ಚಿ ನೋಡೋಣ."

"ನಿಲ್ಸೋದಾ? ಹೊರಗಡೆ ಗಾಡಿ ನೋಡಿದ್ರಾ?" ಎಂದವರು ಬೆಲ್ಟಿನ ಕಡೆ ತಿರುಗಿದರು. ಅವರ ಕಣ್ಣು ಹೋಗಿ ನಿಂತದ್ದು ಮುನೆಮ್ಮನ ಮೇಲೆ.

ಮುನೆಮ್ಮ ಗೌನಿಪಲ್ಲಿ ಕಡೆಯವಳು. ಅಲ್ಲಿಂದ ಟೆಂಪೋದಲ್ಲಿ ಬರುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಅವಳು ಬಾ ಎಂದರೆ ಬರುತ್ತಾರೆ, ಬೇಡ ಎಂದರೆ ಇಲ್ಲ. ನಮ್ಮ ಕಡೆ ಹೆಂಗಸರು ತಾಳಿಯ ಸರಕ್ಕೆ ಪಿನ್ನು ಸಿಕ್ಕಿಸಿಕೊಂಡಿರುವುದು ಹೊಸದೇನಲ್ಲ. ಸೆರಗಿಗೆ, ಮುಳ್ಳು ತೆಗೆಯುವುದಕ್ಕೆ, ಕಿತ್ತುಹೋದ ಚಪ್ಪಲಿಗೆ, ಎಲ್ಲಕ್ಕೂ ಅದೇ. ಮುನೆಮ್ಮನ ಸರದಲ್ಲಂತೂ ಪಿನ್ನುಗಳ ಗೊಂಚಲೇ ಇತ್ತು. ಕೆಲಸ ಮಾಡುವಾಗ ಅದನ್ನು ರವಿಕೆಯ ಒಳಗೆ ಹಾಕಿಕೊಂಡು ಮೇಲೆ ಏಪ್ರನ್ ಕಟ್ಟುತ್ತಿದ್ದಳು. ಆ ಹೊತ್ತಿಗೆ ಬೆವರು ಒರೆಸಿಕೊಳ್ಳಲು ಏಪ್ರನ್ ಸಡಿಲಿಸಿದ್ದಳು.

"ಅದೇ ನೋಡಿ!" ಎಂದು ಸುಧಾಕರ್ ಎಲ್ಲರಿಗೂ ಕೇಳುವಂತೆ ಕೂಗಿದರು. "ಪಿನ್ನು ಬೀಳಿಸ್ತಿರೋದು ಇವಳೇ. ನಾಳೆಯಿಂದ ಮೈಮೇಲೆ ಲೋಹ ಇರೋರು ಯಾರೂ ಬೆಲ್ಟ್ ಹತ್ರ ಬರಂಗಿಲ್ಲ. ತಾಳಿ, ಪಿನ್ನು, ಕಾಲುಂಗುರ, ಏನೂ ಇರಬಾರದು. ಆಗಲ್ಲ ಅನ್ನೋರು ಬರ್ಬೇಡಿ, ಬೇರೆ ಜನ ಸಿಗ್ತಾರೆ."

ಬೆಲ್ಟ್ ಓಡುತ್ತಿತ್ತು, ಒಂದು ಕೈಯೂ ಆಡಲಿಲ್ಲ. ಮುನೆಮ್ಮನ ಮುಖ ಕಪ್ಪಿಟ್ಟಿತು.

"ತಾಳಿ ತೆಗಿ ಅಂತೀಯಲ್ಲ ಸಾಮಿ, ನಮ್ ಯಜಮಾನ ಇನ್ನೂ ಬದ್ಕವ್ನೆ" ಎಂದಳು. "ನಾನು ಪಿನ್ನು ಬೀಳಿಸಿದ್ರೆ ನಂಗೆ ಗೊತ್ತಾಗಲ್ವಾ? ಮಂದಿ ತಿನ್ನೋ ಪದಾರ್ಥದಲ್ಲಿ ಪಿನ್ನು ಹಾಕೋಳು ಅಂತ ಊರಲ್ಲಿ ಹೆಸರು ಬಂದ್ರೆ, ನನ್ನ ಯಾರು ಕರೀತಾರೆ? ನನ್ ನಂಬ್ಕೊಂಡು ಬಂದೋರ್ನ ಯಾರು ಕರೀತಾರೆ? ಏಮಯ್ಯಾ, ನೀನಾದ್ರೂ ಹೇಳು!" ಎಂದು ನನ್ನ ಕಡೆ ನೋಡಿದಳು.

ನಾನು ಹೇಳಿದೆ. ಪಿನ್ನು ಆಗಿದ್ದರೆ ಬಕೆಟ್ಟಿನ ತಿರುಳನ್ನು ಬಟ್ಟೆಯಲ್ಲಿ ಸೋಸಿದಾಗ ಸಿಗಬೇಕು ಎಂದೆ. ಸೋಸಿದೆವು. ಪಿನ್ನು ಸಿಗಲಿಲ್ಲ. ನಾರು, ಸಿಪ್ಪೆಯ ಚೂರು, ಮತ್ತೆ ನಾರು. ಕೂದಲೆಳೆಯಷ್ಟು ಸಣ್ಣ ಚೂರು ಆ ನಾರಿನಲ್ಲಿ ಸೇರಿಕೊಂಡರೆ ನನ್ನ ಕಣ್ಣಿಗಂತೂ ಕಾಣುವುದಿಲ್ಲ. ಸುಧಾಕರ್ ಅದನ್ನೇ ಹಿಡಿದುಕೊಂಡರು. "ನೋಡಿದ್ರಾ, ಏನೂ ಇಲ್ಲ. ಒಂದೋ ಸೆನ್ಸರ್ ಹೋಗಿದೆ, ಇಲ್ಲಾ ಇವರ ಮೈಮೇಲಿನದು ಬೀಳ್ತಿದೆ. ಮೊದಲು ಇವರು ತೆಗೀಲಿ. ಆಮೇಲೆ ಮೆಷಿನ್ ಮಾತು." ಗೋಡೆಗೆ ಮಾತಾಡಿದರೆ ಪ್ರತಿಧ್ವನಿಯಾದರೂ ಬರುತ್ತದೆ. ನಾನು ಬ್ಯಾಗು ಎತ್ತಿಕೊಂಡೆ.

ಅಷ್ಟರಲ್ಲಿ ಪಾಳಿ ಮುಗಿದಿತ್ತು, ಗೇಟಿನ ಹೊರಗೆ ಟೆಂಪೋ ಪಕ್ಕ ಹೆಂಗಸರು ಗುಂಪಾಗಿ ನಿಂತಿದ್ದರು. ಒಬ್ಬಳು ಅಳುತ್ತಿದ್ದಳು. ಇನ್ನೊಬ್ಬಳು ಸುಧಾಕರ್ ವಂಶವನ್ನೆಲ್ಲ ತೆಲುಗಿನಲ್ಲಿ ಬೈಯುತ್ತಿದ್ದಳು. ನಾನು ಸ್ಕೂಟರ್ ಶುರುಮಾಡುವಾಗ ಮುನೆಮ್ಮ ಹತ್ತಿರ ಬಂದು ಕೇಳಿದಳು, "ಅಣ್ಣಾ, ನಮ್ ಮೈಮೇಲೆ ಚೂರೂ ಲೋಹ ಇಲ್ದೆ ಹೋದ್ರೂ ಅದು ಕೂಗಿದ್ರೆ?"

"ಕೂಗಿದ್ರೆ ತಪ್ಪು ಮೆಷಿನ್‌ದು. ಆಗ ಬಿಚ್ಚಲೇಬೇಕು."

"ಹಂಗಾದ್ರೆ ನಾಳೆ ನೀನೂ ಬಾ" ಎಂದು ಟೆಂಪೋ ಹತ್ತಿದಳು.

ಮರುದಿನ ನಾನು ಬಾಬಾಜಾನ್‌ನನ್ನೂ ಕರೆದುಕೊಂಡು ಹೋದೆ. ಆ ಘಟಕದ ಯಂತ್ರದ ರಿಪೇರಿ ಕೆಲಸ ಅವನ ಅಂಗಡಿಯದೇ ಎಂದು ಹಿಂದಿನ ಸಂಜೆ ಫೋನಿನಲ್ಲಿ ಮಾತಾಡುವಾಗ ಗೊತ್ತಾಗಿತ್ತು. ನಾವು ಗೇಟಿನ ಹತ್ತಿರ ನಿಂತಿರುವಾಗ ಟೆಂಪೋ ಬಂತು. ಹೆಂಗಸರು ಒಬ್ಬೊಬ್ಬರಾಗಿ ಇಳಿದರು.

ಒಬ್ಬರ ಕೊರಳಲ್ಲೂ ಸರ ಇರಲಿಲ್ಲ. ಎಲ್ಲರ ಕೊರಳಲ್ಲೂ ಅರಿಶಿನ ಹಚ್ಚಿದ ದಾರ, ಅದರಲ್ಲಿ ಒಂದೊಂದು ಅರಿಶಿನದ ಕೊಂಬು. ಹಿಂದೆ ತಾಳಿ ಸವೆದು ಅಕ್ಕಸಾಲಿಗೆ ಕೊಟ್ಟಾಗ ಕೊರಳು ಬರಿದಾಗಿರಬಾರದೆಂದು ಹೀಗೆ ಕಟ್ಟಿಕೊಳ್ಳುತ್ತಿದ್ದರು. ನಮ್ಮಮ್ಮ ಒಮ್ಮೆ ಹಾಗೆ ಕಟ್ಟಿಕೊಂಡದ್ದು ನನಗೆ ನೆನಪಿದೆ. ಕಾಲಲ್ಲಿ ಉಂಗುರ ಇಲ್ಲ, ಕಿವಿಯಲ್ಲಿ ಓಲೆಯ ಬದಲು ಬೇವಿನ ಕಡ್ಡಿ. ಅವರ ಜೊತೆಗೇ ಬರುತ್ತಿದ್ದ ನೂರ್‌ಜಹಾನ್ ತನ್ನ ಕರಿಮಣಿಯನ್ನು ಚಿನ್ನದ ತಂತಿಯಿಂದ ಬಿಚ್ಚಿ ನೂಲಿನಲ್ಲಿ ಪೋಣಿಸಿಕೊಂಡಿದ್ದಳು.

ಸುಧಾಕರ್ ಬಂದು ನಿಂತರು. ಮುನೆಮ್ಮ ಅವರ ಎದುರಿಗೆ ಹೋದಳು.

"ನೋಡ್ಕೋ ಸಾಮಿ. ತಾಳಿ ದೇವರ ಮುಂದೆ ಇಟ್ಟು ಬಂದಿದೀವಿ. ರವಿಕೆ ಹುಕ್ಕೂ ಲೋಹವೇ ಅಲ್ವಾ? ಅದ್ನೂ ಕಿತ್ತು, ನಮ್ಮತ್ತೆಗಳ ತರ ಗಂಟು ಹಾಕ್ಕೊಂಡಿದೀವಿ. ನಮ್ ಯಜಮಾನ ಬೆಳಿಗ್ಗೆಯಿಂದ ನನ್ ಮುಖ ನೋಡ್ತಿಲ್ಲ. ಇನ್ನೇನಾದ್ರೂ ತೆಗೀಬೇಕಾ, ಹೇಳು."

ಸುಧಾಕರ್ ನೆಲ ನೋಡಿದರು. ಲೈನು ಶುರು ಮಾಡಿ ಎಂದರು. ಹೆಂಗಸರು ಬೆಲ್ಟಿನ ಬದಿಗೆ ನಿಂತರು. ಹಣ್ಣು ಬಂತು, ತಿರುಳು ಹರಿಯಿತು. ನಾವೆಲ್ಲ ಆ ಪೆಟ್ಟಿಗೆಯನ್ನೇ ನೋಡುತ್ತಾ ನಿಂತೆವು. ಕೂಗದಿದ್ದರೆ ಮುನೆಮ್ಮನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಪಿನ್ನಿನದೇ ತಪ್ಪು ಎಂದು ಸಾಬೀತಾಗುತ್ತಿತ್ತು, ನನ್ನ ಬಾಯೂ ಕಟ್ಟುತ್ತಿತ್ತು. ಜೀವಮಾನವೆಲ್ಲ ಯಂತ್ರ ನಿಲ್ಲದಿರಲಿ ಎಂದು ಬೇಡಿಕೊಂಡವನು ಆ ದಿನ ಒಂದು ಸಲ ಕೂಗು ತಾಯಿ ಎಂದು ಬೇಡಿಕೊಂಡೆ.

ಕೂಗಿತು. ತಿರುಳು ಬಕೆಟ್ಟಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು.

ಮುನೆಮ್ಮ ಬೆಲ್ಟಿನ ಹತ್ತಿರದಿಂದ ಕದಲದೆ ಹೇಳಿದಳು, "ಈಗ ನಿನ್ ಮೆಷಿನ್ ಬಟ್ಟೆ ಬಿಚ್ಚು."

ಬಿಚ್ಚಿದೆವು. ಬಾಬಾಜಾನ್ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ಜರಡಿಯನ್ನು ಬೆರಳಿನಲ್ಲಿ ಸವರಿದ. ಮುಖ ಗಂಟಾಯಿತು. ಟಾರ್ಚ್ ಬಿಟ್ಟು ನೋಡಿದೆ. ರೆಕ್ಕೆಯ ಅಂಚು ಹೊಸ ಲೋಟದ ಹಾಗೆ ಹೊಳೆಯುತ್ತಿತ್ತು. ಜರಡಿಯ ಒಂದು ಬದಿ ಕೆರೆದು ಕೆರೆದು ತೆಳುವಾಗಿ ಅಂಚು ಹರಿದಿತ್ತು. ಆ ಹರಿದ ಅಂಚಿನಿಂದ ಚೂರುಗಳು ತಿರುಳಿಗೆ ಸೇರುತ್ತಿದ್ದವು. ರೆಕ್ಕೆಗೂ ಜರಡಿಗೂ ನಡುವೆ ಸಂದು ಇರಬೇಕು. ಇಲ್ಲಿ ಇರಲೇ ಇಲ್ಲ.

"ಗ್ಯಾಪ್ ಕಮ್ಮಿ ಮಾಡ್ಸಿದ್ದು ಯಾರು?" ಎಂದೆ. ನನಗೆ ಗೊತ್ತಿರಲಿಲ್ಲ ಎಂದಲ್ಲ, ಎಲ್ಲರಿಗೂ ಕೇಳಲಿ ಎಂದು.

"ಸಾಬ್ ಬೋಲೇ" ಎಂದ ಬಾಬಾಜಾನ್, ಸುಧಾಕರ್ ಕಡೆ ತಿರುಗಿ. "ವಾಟೆ ಜೊತೆ ತಿರುಳು ಹೋಗ್ತಿದೆ, ಇನ್ನೂ ಒತ್ತಿ ಹಿಂಡ್ಬೇಕು ಅಂದ್ರಿ. ನಕ್ಕೋ ಸಾಬ್, ಬೇಡ, ಜರಡಿಗೆ ತಾಗುತ್ತೆ ಅಂತ ನಾನು ಹೇಳ್ದೆ. ಆಮೇಲೆ ನಿಮ್ಮ ಹುಡುಗರ ಕೈಲೇ ರೆಕ್ಕೆನ ಇನ್ನೂ ಜರಡಿ ಕಡೆಗೆ ತಳ್ಸಿದೀರಿ."

"ಜರಡಿ ಕ್ವಾಲಿಟಿ ಸರಿ ಇಲ್ಲ" ಎಂದರು ಸುಧಾಕರ್. ಮನುಷ್ಯನ ನಾಲಿಗೆಗೆ ಮೂಳೆ ಇಲ್ಲ. ನನಗೆ ಕೋಪ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಮುನೆಮ್ಮ ಬಂದು ನಿಂತಳು.

"ಕ್ವಾಲಿಟಿ ಮಾತು ಆಮೇಲೆ. ನಿನ್ನೆ ಬೆಲ್ಟ್ ಹತ್ರ ನಿಂತ್ಕೊಂಡು ಎಲ್ರಿಗೂ ಕೇಳಂಗೆ ಕೂಗಿದೆಯಲ್ಲ, ಅಲ್ಲೇ ನಿಂತ್ಕೊಂಡು ಅಷ್ಟೇ ಜೋರಾಗಿ ಹೇಳು. ಪಿನ್ನಲ್ಲ ಅಂತ. ಅಲ್ಲಿಗಂಟ ನಾವು ಊರಿಗೂ ಹೋಗಲ್ಲ, ಹಣ್ಣೂ ಮುಟ್ಟಲ್ಲ."

ಹೊರಗೆ ಟ್ರ್ಯಾಕ್ಟರಿನವರು ಹಾರನ್ ಬಾರಿಸುತ್ತಿದ್ದರು. ಸುಧಾಕರ್ ಬೆಲ್ಟಿನ ಹತ್ತಿರ ಹೋದರು. "ಪಿನ್ನಿಂದ ಅಲ್ಲ. ಮೆಷಿನ್ ಚೂರು" ಎಂದರು. ಕೇಳಿಸಲಿಲ್ಲ ಎಂದಳು ನೂರ್‌ಜಹಾನ್. ಮತ್ತೊಮ್ಮೆ ಜೋರಾಗಿ ಹೇಳಿದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹೆಂಗಸರು ಅದಕ್ಕೆ ಕಾಯಲೂ ಇಲ್ಲ, ತಂದಿದ್ದ ಬುತ್ತಿ ಬಿಚ್ಚಿ ನೆರಳಲ್ಲಿ ಕೂತರು. ಬಾಬಾಜಾನ್ ಮುಳಬಾಗಿಲಿಗೆ ಹೋಗಿ ಬೇರೆ ಜರಡಿ ತಂದ. ಸರಿಯಾದ ಸಂದು ಬಿಟ್ಟು ರೆಕ್ಕೆ ಕೂರಿಸಿದೆವು. ಲೈನು ಓಡಿತು, ಪೆಟ್ಟಿಗೆ ತುಟಿಪಿಟಕ್ ಎನ್ನಲಿಲ್ಲ.

ಕೆಟ್ಟ ಜರಡಿ ಹಾದು ಬಂದ ತಿರುಳನ್ನೆಲ್ಲ ಬಿಸಾಡಿಸಿದೆ. ಅದಕ್ಕೂ ಜಗಳ ಆಡಬೇಕಾಯಿತು. ಇಷ್ಟೆಲ್ಲ ಆದ ಮೇಲೆ ಅಲ್ಲಿ ಬಂದ ಬದಲಾವಣೆ ಏನು ಎಂದು ಕೇಳುತ್ತೀರಾ? ಬೆಲ್ಟಿನ ಪಕ್ಕ ‘ಪಿನ್ನು ಧರಿಸಿ ಒಳಗೆ ಬರಬಾರದು’ ಎಂದು ಬೋರ್ಡು ಹಾಕಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇನ್ನೊಂದನ್ನು ಮಾತ್ರ ನಾನು ಹಟ ಹಿಡಿದು ಮಾಡಿಸಿದೆ. ಪರೀಕ್ಷೆಯ ಕಡ್ಡಿಯನ್ನು ಆಗಾಗ ಹಾಯಿಸಿ ನೋಡುವ ಕೆಲಸ ಮುನೆಮ್ಮನಿಗೇ ಕೊಡಬೇಕು ಎಂದೆ. ಕಡ್ಡಿ ಹಿಡಿಯುವುದು ಹೇಗೆಂದು ತೋರಿಸಿದೆ. ಅದು ಕೂಗಿದಾಗ ಅವಳು ತಲೆಯಾಡಿಸಿ, "ಆಯ್ತು ಬಿಡು, ಕೇಳಿಸ್ತು" ಎಂದು ಯಂತ್ರಕ್ಕೇ ಉತ್ತರ ಕೊಟ್ಟಳು.

ಅದಾದ ಮೇಲೆ ನನ್ನ ಮಂಡಿ ಪೂರ್ತಿ ಕೈಕೊಟ್ಟಿತು. ಸ್ಕೂಟರಿಗೆ ಕಾಲು ಹಾಕುವುದೇ ಕಷ್ಟ. ಇನ್ನು ಯಾರು ಕರೆದರೂ ಹೋಗುವುದಿಲ್ಲ ಎಂದು ನನ್ನ ಹೆಂಡತಿಗೆ ಮಾತು ಕೊಟ್ಟೆ. ಫೋನು ಬರುತ್ತಲೇ ಇತ್ತು, ಸೆನ್ಸರ್ ಹೋಗಿದೆ ಎಂಬುದು ಕಿವಿಗೆ ಬಿದ್ದ ಕೂಡಲೇ ಬೇರೆಯವರ ನಂಬರ್ ಕೊಟ್ಟು ಇಡುತ್ತಿದ್ದೆ. ನಿಜ ಹೇಳುತ್ತೇನೆ, ಈ ಕೆಲಸವೇ ಸಾಕಾಗಿತ್ತು. ಯಂತ್ರಕ್ಕೆ ಮಾತು ಕಲಿಸಿದ್ದಾಯಿತು. ಅದರ ಮಾತು ಕೇಳಿಸಿಕೊಳ್ಳುವ ಒಬ್ಬನನ್ನಾದರೂ ಕಂಡೆನೇ ಎಂದು ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ.

ಮುಂದಿನ ಮಾವಿನ ಸುಗ್ಗಿ ಬಂತು. ಒಂದು ಬೆಳಿಗ್ಗೆ ಹೊಸ ನಂಬರಿನಿಂದ ಫೋನು. ಎತ್ತಿ, ಬೈಯಲು ಬಾಯಿ ಸಿದ್ಧ ಮಾಡಿಕೊಂಡೆ.

"ಅಣ್ಣಾ, ನಾನು ಮುನೆಮ್ಮ, ಗೌನಿಪಲ್ಲಿ. ಊಟ ಆಯ್ತಾ? ಬಾಬಾಜಾನ್ ನಂಬರ್ ಕೊಟ್ಟ. ಪೆಟ್ಟಿಗೆ ಮತ್ತೆ ಕೂಗ್ತೈತೆ. ಕಡ್ಡಿ ಹಾಕಿ ನೋಡ್ದೆ. ಸೆನ್ಸರ್ ಚೆನ್ನಾಗೈತೆ ಅಣ್ಣಾ. ಒಳಗೇನೋ ಆಗೈತೆ, ಅದ್ನೇ ಹೇಳ್ತೈತೆ. ಲೈನು ನಿಲ್ಸಿದೀನಿ, ಸುಧಾಕರ್ ಸಾರ್ ಕೂಗಾಡ್ತವ್ರೆ, ಕೂಗಾಡ್ಲಿ. ಬರ್ತೀಯಾ?"

ಫೋನು ಹಿಡಿದುಕೊಂಡು ಹಾಗೇ ಕೂತೆ. ನನ್ನ ಮುಖ ನೋಡಿ ಹೆಂಡತಿ ಗಾಬರಿಯಾಗಿ ಅಡುಗೆಮನೆಯಿಂದ ಬಂದಳು.

"ಯಾರು? ಏನಾಯ್ತು?"

"ಏನೂ ಆಗಿಲ್ಲ ಕಣೇ" ಎಂದೆ. "ಸೆನ್ಸರ್ ಚೆನ್ನಾಗಿದೆಯಂತೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಸ್ಕೂಟರಿನ ಕೀ ತಂದು ಕೈಗೆ ಕೊಟ್ಟಳು.